ಹೆಸರು ರೇಷ್ಮೆ, ನೂಲು ಬೇರೆ

ಸೀರೆಯಂಗಡಿಯ ಗಾದಿಯ ಮುಂದೆ ಕೂತರೂ ಸರಿ, ಮೊಬೈಲಿನಲ್ಲಿ ಸೀರೆ ಮಾರುವ ವಿಡಿಯೊ ನೋಡಿದರೂ ಸರಿ, ಸ್ವಲ್ಪ ಹೊತ್ತಿನಲ್ಲೇ ಸಿಲ್ಕ್‌ಗಳ ಒಂದು ದೊಡ್ಡ ಪಟ್ಟಿ ಕಿವಿಗೆ ಬೀಳುತ್ತದೆ: ವಿಚಿತ್ರ ಸಿಲ್ಕ್, ಲಿಚಿ ಸಿಲ್ಕ್, ಡೋಲಾ ಸಿಲ್ಕ್, ಆರ್ಟ್ ಸಿಲ್ಕ್, ಸೆಮಿ ಸಿಲ್ಕ್, ಸೆಮಿ ಮೈಸೂರು ಸಿಲ್ಕ್. ಇವುಗಳಲ್ಲಿ ಬಹುಪಾಲು ಬಟ್ಟೆ ಸೂರತ್ತಿನಂಥ ಊರುಗಳ ವಿದ್ಯುತ್ ಮಗ್ಗಗಳಲ್ಲಿ ಪಾಲಿಯೆಸ್ಟರ್ ಅಥವಾ ವಿಸ್ಕೋಸ್ ನೂಲಿನಿಂದ ತಯಾರಾದದ್ದು. ಯಾವ ರೇಷ್ಮೆಹುಳುವಿಗೂ ಅದಕ್ಕೂ ಸಂಬಂಧವಿಲ್ಲ. ‘ಸಾಫ್ಟ್ ಸಿಲ್ಕ್’ ಎಂಬುದಂತೂ ಇನ್ನೂ ಗೊಂದಲದ ಹೆಸರು. ಆ ಒಂದೇ ಹೆಸರಿನಲ್ಲಿ ಅಪ್ಪಟ ರೇಷ್ಮೆಯ ಸೀರೆಯೂ ಮಾರಾಟವಾಗುತ್ತದೆ, ರೇಷ್ಮೆಯ ಒಂದೆಳೆಯೂ ಇಲ್ಲದ ಸೀರೆಯೂ ಮಾರಾಟವಾಗುತ್ತದೆ. ಗಮನಿಸಿ ನೋಡಿ, ಇವುಗಳನ್ನು ‘ವಿಚಿತ್ರ ರೇಷ್ಮೆ’ ಎಂದೋ ‘ಲಿಚಿ ರೇಷ್ಮೆ’ ಎಂದೋ ಯಾರೂ ಕರೆಯುವುದಿಲ್ಲ. ಕನ್ನಡದಲ್ಲಿ ಹೇಳಲು ನಾಲಿಗೆ ಹಿಂಜರಿಯುವ ಮಾತು ಸಿಲ್ಕ್ ಎಂದೊಡನೆ ಸಲೀಸಾಗಿ ಹೊರಬರುತ್ತದೆ.

ಇದನ್ನು ವ್ಯಾಪಾರಿಗಳ ಸಣ್ಣಪುಟ್ಟ ಬಣ್ಣದ ಮಾತು ಎಂದು ಬಿಟ್ಟುಬಿಡುವವರು ಬಹಳ. ಆದರೆ ಬಟ್ಟೆ ಮಾರುವಾಗ ಆಡುವ ಮಾತಿನಲ್ಲಿ ಎರಡು ಜಾತಿಯ ಪದಗಳಿವೆ, ಅವನ್ನು ಬೇರೆಬೇರೆಯಾಗಿಯೇ ತೂಗಬೇಕು. ‘ಲೇಟೆಸ್ಟ್’, ‘ರಾಯಲ್’, ‘ಗ್ರ್ಯಾಂಡ್ ಲುಕ್’, ‘ನಿಮಗಂತೂ ತುಂಬಾ ಒಪ್ಪುತ್ತೆ ಅಕ್ಕಾ’ ಇವೆಲ್ಲ ಹೊಗಳಿಕೆಯ ಪದಗಳು. ಇವು ನಿಜವೋ ಸುಳ್ಳೋ ಎಂದು ಯಾರೂ ಪರೀಕ್ಷಿಸಲಾರರು, ಪರೀಕ್ಷಿಸಬೇಕಾಗಿಯೂ ಇಲ್ಲ. ಕನ್ನಡಿಯ ಮುಂದೆ ನಿಂತ ಗಿರಾಕಿಯೇ ಅದಕ್ಕೆ ನ್ಯಾಯಾಧೀಶೆ. ಇನ್ನೊಂದು ಜಾತಿಯವು ಸಂಗತಿಯ ಪದಗಳು: ರೇಷ್ಮೆ, ಖಾದಿ, ಕೈಮಗ್ಗ, ಲಿನನ್, ಇಳಕಲ್, ಪಶ್ಮಿನಾ, ಆರ್ಗಾನಿಕ್. ಇವು ಬಟ್ಟೆ ಯಾವ ನೂಲಿನದು, ಯಾರು ಹೇಗೆ ನೇಯ್ದರು, ಎಲ್ಲಿ ನೇಯ್ದರು ಎಂಬುದನ್ನು ಹೇಳುತ್ತವೆ. ಇವು ನಿಜವೋ ಸುಳ್ಳೋ ಎಂದು ಪ್ರಯೋಗಾಲಯದಲ್ಲಿ, ದಾಖಲೆಯಲ್ಲಿ, ಮಗ್ಗದ ಮನೆಯಲ್ಲಿ ಪತ್ತೆ ಮಾಡಬಹುದು. ಇವತ್ತು ನಡೆಯುತ್ತಿರುವುದೇನೆಂದರೆ, ಈ ಎರಡನೆಯ ಜಾತಿಯ ಪದಗಳನ್ನು ಮೊದಲನೆಯ ಜಾತಿಗೆ ಸೇರಿಸಿಬಿಡಲಾಗುತ್ತಿದೆ. ಸಿಲ್ಕ್ ಎಂದರೆ ಹೊಳೆಯುವುದು, ಹ್ಯಾಂಡ್‌ಲೂಮ್ ಎಂದರೆ ಸ್ವಲ್ಪ ಒರಟಾಗಿ ಕಾಣುವುದು, ಖಾದಿ ಎಂದರೆ ಗಂಟುಗಂಟಾದ ದಪ್ಪ ಬಟ್ಟೆಯ ಕುರ್ತಾ, ಲಿನನ್ ಎಂದರೆ ಬೇಗ ಸುಕ್ಕಾಗುವುದು, ಆರ್ಗಾನಿಕ್ ಎಂದರೆ ಮಾಸಲು ಬಣ್ಣದ್ದು ಎಂದಾಗಿದೆ. ವಸ್ತುವಿನ ಹೆಸರು ಬರಿಯ ನೋಟದ ಹೆಸರಾಗಿದೆ. ಬೆಲೆ ಮಾತ್ರ ಹಳೆಯ ಅರ್ಥದ ಮೇಲೆಯೇ ನಿಂತಿದೆ, ತಕರಾರು ಇರುವುದು ಅಲ್ಲಿ.

ರೇಷ್ಮೆಯ ಬೆಲೆ ಎಲ್ಲಿಂದ ಬರುತ್ತದೆಂದು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಹಿಪ್ಪುನೇರಳೆ ಬೆಳೆಯಬೇಕು, ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಗೂಡನ್ನು ರಾಮನಗರದಂಥ ಮಾರುಕಟ್ಟೆಗೆ ಒಯ್ದು ಹರಾಜಿನಲ್ಲಿ ಮಾರಬೇಕು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಬಿಚ್ಚುವವರು ಬೇರೆ, ಹುರಿ ಹಾಕುವವರು ಬೇರೆ. ಒಂದು ಕಿಲೋ ಕಚ್ಚಾ ರೇಷ್ಮೆ ಸಿಗಬೇಕಾದರೆ ಸುಮಾರು 6ರಿಂದ 8 ಕಿಲೋ ಗೂಡು ಬೇಕು. ಆ ಕಚ್ಚಾ ನೂಲಿನ ಮೇಲಿರುವ ಅಂಟನ್ನು ಕುದಿಸಿ ತೆಗೆದಾಗ ಅದರ ತೂಕದಲ್ಲಿ ಮತ್ತೆ ಐದನೇ ಒಂದು ಭಾಗ, ಕೆಲವೊಮ್ಮೆ ನಾಲ್ಕನೇ ಒಂದು ಭಾಗ ಹೊರಟುಹೋಗುತ್ತದೆ. ರೇಷ್ಮೆಯ ಮೆದುವೂ ಹೊಳಪೂ ಅಷ್ಟೆಲ್ಲ ಕಳೆದುಕೊಂಡ ಮೇಲೆ ಉಳಿದದ್ದು. ಹೀಗಾಗಿ ಒಂದು ಕಿಲೋ ರೇಷ್ಮೆ ನೂಲಿಗೆ ಸಾವಿರಗಳ ಲೆಕ್ಕದಲ್ಲಿ ಹಣ ಕೊಡಬೇಕು, ಪಾಲಿಯೆಸ್ಟರ್ ನೂಲಿನದು ನೂರರ ಲೆಕ್ಕ. ಎರಡಕ್ಕೂ ಒಂದೇ ಹೆಸರಿಟ್ಟರೆ ಅಗ್ಗದ ನೂಲು ದುಬಾರಿ ನೂಲಿನ ಗೌರವವನ್ನು ಪುಕ್ಕಟೆ ಪಡೆಯುತ್ತದೆ. ಆ ಗೌರವವನ್ನು ಸಂಪಾದಿಸಿದ ರೈತನಿಗೂ ಎಳೆ ಬಿಚ್ಚುವವರಿಗೂ ಅದರಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ.

ಹೊಳಪಿಗೆ ರೇಷ್ಮೆಯ ಹೆಸರನ್ನು ಕೊಡುವ ಅಭ್ಯಾಸ ಹೊಸದಲ್ಲ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಹಿಲೇರ್ ದ ಶಾರ್ಡೊನೆ ಎಂಬ ಫ್ರೆಂಚ್ ವಿಜ್ಞಾನಿ ಸಸ್ಯದ ಸೆಲ್ಯುಲೋಸ್‌ನಿಂದ ಮಾಡಿದ ಹೊಳೆಯುವ ಎಳೆಯನ್ನು ಜನರ ಮುಂದಿಟ್ಟಾಗ ಅದು ಕೃತಕ ರೇಷ್ಮೆ ಎಂದೇ ಹೆಸರಾಯಿತು. ಮೂರೂವರೆ ದಶಕಗಳ ನಂತರ, 1924ರಲ್ಲಿ, ಅಮೆರಿಕದ ಉದ್ಯಮ ಅದಕ್ಕೆ ರೇಯಾನ್ ಎಂಬ ಸ್ವಂತ ಹೆಸರು ಕೊಟ್ಟಿತು. ನಮ್ಮಲ್ಲಿ ಹಳೆಯ ಹೆಸರೇ ಮೊಟಕಾಗಿ ‘ಆರ್ಟ್ ಸಿಲ್ಕ್’ ಆಗಿ ಉಳಿಯಿತು. ಅದರಲ್ಲಿನ ‘ಆರ್ಟ್’ ಎಂದರೆ ಆರ್ಟಿಫಿಷಿಯಲ್, ಕೃತಕ. ಆದರೆ ಕೇಳುವವರಿಗೆ ಅದು ಕಲೆ, ಕಲಾತ್ಮಕ ರೇಷ್ಮೆ ಎಂದೇ ಕೇಳಿಸುತ್ತದೆ, ಆ ಅಪಾರ್ಥವನ್ನು ತಿದ್ದುವ ಗರಜು ಮಾರುವವರಿಗೆ ಇಲ್ಲ. ಯುರೋಪಿನ ಒಕ್ಕೂಟ ಈ ಬಾಗಿಲನ್ನು ಮುಚ್ಚಿಯೇಬಿಟ್ಟಿದೆ. ನೂಲುಗಳ ಹೆಸರನ್ನು ಕುರಿತ ಅದರ 2011ರ ನಿಯಮಾವಳಿಯ ಪ್ರಕಾರ ರೇಷ್ಮೆ ಎಂಬ ಪದ ರೇಷ್ಮೆ ಸ್ರವಿಸುವ ಕೀಟಗಳಿಂದ ಬಂದ ಎಳೆಗೆ ಮಾತ್ರ ಸಲ್ಲುತ್ತದೆ. ಬೇರೆ ನೂಲು ಉದ್ದನೆಯ ನಯವಾದ ಎಳೆಯ ರೂಪದಲ್ಲಿದೆ ಎಂದು ಸೂಚಿಸುವುದಕ್ಕೂ ಆ ಪದವನ್ನು ಬಳಸುವಂತಿಲ್ಲ. ನಮ್ಮ ಸೀರೆಯಂಗಡಿಗಳ ಅರ್ಧ ಪಟ್ಟಿ ಅಲ್ಲಿನ ಕಾನೂನಿನ ಮುಂದೆ ನಿಲ್ಲಲಾರದು.

ಸಿಲ್ಕ್‌ನ ನಂತರ ಅತಿ ಹೆಚ್ಚು ದುರ್ಬಳಕೆಯಾಗುವ ಪದ ‘ಪ್ಯೂರ್’. ಪ್ಯೂರ್ ಜಾರ್ಜೆಟ್, ಪ್ಯೂರ್ ಕ್ರೇಪ್, ಪ್ಯೂರ್ ಶಿಫಾನ್, ಪ್ಯೂರ್ ಸಾಟಿನ್. ಇವು ಯಾವುವೂ ನೂಲಿನ ಹೆಸರುಗಳಲ್ಲ, ನೂಲಿಗೆ ಹುರಿ ಹಾಕುವ ಮತ್ತು ಬಟ್ಟೆ ನೇಯುವ ವಿಧಾನದ ಹೆಸರುಗಳು. ಬಿಗಿಯಾಗಿ ಹುರಿ ಹಾಕಿದ ನೂಲಿನಿಂದ ನೇಯ್ದು, ಮೈಯೆಲ್ಲ ಸಣ್ಣ ನಿರಿಗೆ ಬಿದ್ದಂತೆ ಕಾಣುವ ಬಟ್ಟೆ ಕ್ರೇಪ್. ಹಾಸಿನ ಎಳೆಗಳು ಹೊಕ್ಕಿನ ಎಳೆಗಳ ಮೇಲೆ ಉದ್ದುದ್ದ ತೇಲುವಂತೆ ನೇಯ್ದು, ಒಂದು ಮಗ್ಗುಲಿಗೆ ಹೊಳಪು ಬರಿಸಿದ್ದು ಸಾಟಿನ್. ರೇಷ್ಮೆಯಿಂದಲೂ ಕ್ರೇಪ್ ನೇಯಬಹುದು, ಪಾಲಿಯೆಸ್ಟರ್‌ನಿಂದಲೂ ನೇಯಬಹುದು. ಹಾಗಿರುವಾಗ ‘ಪ್ಯೂರ್ ಕ್ರೇಪ್’ ಎಂಬ ಮಾತು ಯಾವ ಸಂಗತಿಯನ್ನೂ ಹೇಳುವುದಿಲ್ಲ. ಈ ಬಟ್ಟೆಗಳೆಲ್ಲ ಮೊದಲು ರೇಷ್ಮೆಯಲ್ಲಿ ಪ್ರಸಿದ್ಧವಾದ್ದರಿಂದ, ಅಪ್ಪಟ ರೇಷ್ಮೆಯ ಜಾರ್ಜೆಟ್‌ಗೆ ‘ಪ್ಯೂರ್ ಜಾರ್ಜೆಟ್’ ಎನ್ನುವುದು ವ್ಯಾಪಾರದಲ್ಲಿ ರೂಢಿಯಾಯಿತು. ಆ ರೂಢಿಯ ನೆರಳಿನಲ್ಲಿ ನೂರಕ್ಕೆ ನೂರು ಪಾಲಿಯೆಸ್ಟರ್ ಆದ ಬಟ್ಟೆಯೂ ಪ್ಯೂರ್ ಎನಿಸಿಕೊಂಡಿತು. ಗಿರಾಕಿ ಕೇಳಬೇಕಾದ ಪ್ರಶ್ನೆ ‘ಇದು ಪ್ಯೂರಾ?’ ಎಂಬುದಲ್ಲ, ‘ಇದು ಯಾವ ನೂಲು?’ ಎಂಬುದು. ಮೊದಲ ಪ್ರಶ್ನೆಗೆ ಹೌದು ಎಂದುಬಿಡುವುದು ಸುಲಭ. ಎರಡನೆಯದಕ್ಕೆ ಉತ್ತರ ಹೇಳಲು ಒಂದು ಹೆಸರು ಬೇಕೇ ಬೇಕು.

ನಮ್ಮದೇ ಮೈಸೂರು ಸಿಲ್ಕ್‌ನ ಸುತ್ತ ಎರಡು ದಿಕ್ಕಿನ ತಪ್ಪುಗಳು ಹಬ್ಬಿವೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಿಂದ ಈ ಸೀರೆಯ ಕಥೆ ಆರಂಭವಾಗುತ್ತದೆ. ಈಗ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ, ಭೌಗೋಳಿಕ ಸೂಚಿಯ ನೋಂದಣಿಯೂ ನಿಗಮದ ಹೆಸರಿನಲ್ಲಿದೆ. ಶುದ್ಧ ರೇಷ್ಮೆ, ಬೆಳ್ಳಿಯ ಎಳೆಗೆ ಚಿನ್ನದ ಲೇಪ ಕೊಟ್ಟ ಜರಿ. ನಿಗಮ ಹೇಳುವ ಲೆಕ್ಕದಂತೆ ಜರಿಯಲ್ಲಿ ಬೆಳ್ಳಿ ಶೇಕಡಾ 65, ಚಿನ್ನ ಶೇಕಡಾ 0.65. ಮೊದಲನೆಯ ತಪ್ಪು ಎಲ್ಲರಿಗೂ ಗೊತ್ತಿರುವಂಥದು: ಸಾದಾ ಒಡಲು, ಹೊಳೆಯುವ ಅಂಚು ಇರುವ ಯಾವುದೇ ಕ್ರೇಪ್ ಸೀರೆಯನ್ನು ಮೈಸೂರು ಸಿಲ್ಕ್ ಎಂದೋ ಸೆಮಿ ಮೈಸೂರು ಸಿಲ್ಕ್ ಎಂದೋ ಮಾರುವುದು. ಎರಡನೆಯದು ಹೊಗಳುವ ಭರದಲ್ಲಿ ಆಗುವ ತಪ್ಪು: ‘ಕೈಮಗ್ಗದ ಮೈಸೂರು ಸಿಲ್ಕ್’ ಎನ್ನುವುದು. ನಿಗಮದ ಮೈಸೂರು ಸಿಲ್ಕ್ ಕೈಮಗ್ಗದ್ದಲ್ಲ. ಕಾರ್ಖಾನೆ ಆರಂಭವಾದದ್ದೇ ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಯಂತ್ರಮಗ್ಗಗಳಿಂದ. ಯಂತ್ರದಲ್ಲಿ ನೇಯ್ದದ್ದರಿಂದ ಆ ಸೀರೆಯ ಬೆಲೆಯೂ ಮಾನವೂ ಕಡಿಮೆಯಾಗಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಒಂದು ಬಟ್ಟೆ ಒಳ್ಳೆಯದೆನಿಸಿಕೊಳ್ಳಲು ಎಲ್ಲ ಒಳ್ಳೆಯ ಪದಗಳನ್ನೂ ಮೈಮೇಲೆ ಹೇರಿಕೊಳ್ಳಬೇಕಾಗಿಲ್ಲ. ಇರುವ ಗುಣವನ್ನು ಇರುವಂತೆ ಹೇಳಿಕೊಂಡೇ ಮೈಸೂರು ಸಿಲ್ಕ್ ನೂರು ವರ್ಷ ದಾಟಿದೆ, ಅದರ ಮಳಿಗೆಗಳ ಮುಂದೆ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ.

ಕೈಮಗ್ಗ ಮತ್ತು ಖಾದಿಯ ವಿಷಯಕ್ಕೆ ಬಂದರೆ ಪದದ ಹಿಂದೆ ಕಾನೂನೇ ಇದೆ. 1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕಾಯ್ದೆಯಂತೆ ಖಾದಿ ಎಂದರೆ ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲನ್ನು ಭಾರತದಲ್ಲೇ ಕೈಮಗ್ಗದಲ್ಲಿ ನೇಯ್ದ ಬಟ್ಟೆ. ನೂಲುವುದೂ ಕೈಯಿಂದ, ನೇಯುವುದೂ ಕೈಯಿಂದ. ಗಿರಣಿಯ ನೂಲನ್ನು ಕೈಮಗ್ಗಕ್ಕೆ ಏರಿಸಿ ನೇಯ್ದರೆ ಅದು ಕೈಮಗ್ಗದ ಬಟ್ಟೆಯಾಗುತ್ತದೆ, ಖಾದಿಯಾಗುವುದಿಲ್ಲ. ಗಿರಣಿಯ ನೂಲನ್ನು ಯಂತ್ರದಲ್ಲಿ ನೇಯ್ದು ‘ಖಾದಿ ಕಾಟನ್’ ಎಂದು ಚೀಟಿ ಅಂಟಿಸಿದ ಕುರ್ತಾ ಎರಡೂ ಅಲ್ಲ. ಖಾದಿ ಆಯೋಗ ತಾನೇ ಪಾಲಿಯೆಸ್ಟರ್ ಬೆರಸಿದ ಬಟ್ಟೆಯನ್ನು ಹೊರತಂದಾಗ ಅದಕ್ಕೆ ‘ಪಾಲಿವಸ್ತ್ರ’ ಎಂಬ ಬೇರೆಯೇ ಹೆಸರಿಟ್ಟಿತು. ರಾಷ್ಟ್ರಧ್ವಜದ ವಿಷಯದಲ್ಲಿ ನಡೆದದ್ದೂ ಇದಕ್ಕೆ ಹತ್ತಿರದ್ದೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಿಸುವ ಖಾದಿ ಸಂಘದವರಿಗೆ ಭಾರತೀಯ ಮಾನಕದ ಅಳತೆಗೆ ತಕ್ಕಂತೆ ಎಳೆ, ತೂಕ, ಬಣ್ಣ ಎಲ್ಲವನ್ನೂ ಒಪ್ಪಿಸಬೇಕಾದ ಹೊಣೆ ಇತ್ತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಮತ್ತು ಪಾಲಿಯೆಸ್ಟರ್‌ನ ಧ್ವಜಗಳಿಗೂ ಅವಕಾಶವಾಯಿತು. ಆ ತಿದ್ದುಪಡಿ ಖಾದಿ ನೇಯುವವರಿಗೆ ಒಳ್ಳೆಯದು ಮಾಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಅಲ್ಲಿ ಕೂಡ ಖಾದಿ ಎಂಬ ಪದವನ್ನು ಎಳೆದು ಹಿಗ್ಗಿಸಲಿಲ್ಲ, ಪಕ್ಕದಲ್ಲಿ ಪಾಲಿಯೆಸ್ಟರ್ ಎಂದು ಬಿಡಿಸಿ ಬರೆದರು. ಸರ್ಕಾರದ ಒಂದು ಆದೇಶಕ್ಕೆ ಸಾಧ್ಯವಾದ ಆ ಸ್ಪಷ್ಟತೆ ಅಂಗಡಿಯ ಚೀಟಿಗೆ ಯಾಕೆ ಸಾಧ್ಯವಾಗಬಾರದು?

ಊರಿನ ಹೆಸರುಗಳ ಗತಿ ಇನ್ನೂ ಕಷ್ಟದ್ದು. ಇಳಕಲ್ ಸೀರೆ ಎಂದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸುತ್ತಮುತ್ತಲ ಮಗ್ಗಗಳಲ್ಲಿ ತಯಾರಾಗುವ ಸೀರೆ, ಅದಕ್ಕೆ ಭೌಗೋಳಿಕ ಸೂಚಿಯ ರಕ್ಷಣೆಯೂ ಇದೆ. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸುವ ಒಂದು ವಿಶೇಷ ಕಸುಬು ಅದರಲ್ಲಿದೆ, ಕೆಂಪು ಸೆರಗಿನ ತೆನೆಗಳು ಆ ಜೋಡಣೆಯ ಮೇಲೆ ನಿಲ್ಲುತ್ತವೆ. ಈಗ ದೂರದ ಊರುಗಳ ಯಂತ್ರಗಳಲ್ಲಿ ಆ ತೆನೆಯ ಚಿತ್ರವನ್ನು ನೇಯ್ದೋ ಅಚ್ಚು ಹಾಕಿಯೋ ‘ಇಳಕಲ್ ಡಿಸೈನ್’ ಎನ್ನುತ್ತಾರೆ, ಮಾರಾಟದ ಮಾತಿನಲ್ಲಿ ‘ಡಿಸೈನ್’ ಎಂಬುದೂ ಉದುರಿಹೋಗಿ ಬರೀ ಇಳಕಲ್ ಉಳಿಯುತ್ತದೆ. ಗುಳೇದಗುಡ್ಡದ ಖಣಕ್ಕೂ ಹಾಗೆಯೇ ಆಗಿದೆ: ಕುಪ್ಪಸಕ್ಕೆಂದು ನೇಯುತ್ತಿದ್ದ ಸಣ್ಣ ಪನ್ನದ ಆ ಬಟ್ಟೆಯ ಬುಟ್ಟಾಗಳು ಈಗ ಪಾಲಿಯೆಸ್ಟರ್ ಮೇಲೆ ಗಜಗಟ್ಟಲೆ ಬರುತ್ತಿವೆ, ಹೆಸರು ಮಾತ್ರ ಖಣವೇ. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಇಳಕಲ್ಲಿನ ನೇಕಾರರು ತಾವೇ ಬಹುಕಾಲದಿಂದ ಕೃತಕ ರೇಷ್ಮೆಯನ್ನೂ ಬಳಸುತ್ತ ಬಂದವರು. ಅವರ ಬಾಯಲ್ಲಿ ಅದು ‘ಚಮಕಾ’, ಅಸಲಿ ರೇಷ್ಮೆ ‘ರೇಶಿಮೆ’. ಚಮಕಾ ಹಾಕಿದ ಸೀರೆಗೆ ಒಂದು ಬೆಲೆ, ರೇಶಿಮೆ ಹಾಕಿದ್ದಕ್ಕೆ ಇನ್ನೊಂದು ಬೆಲೆ, ಎರಡೂ ಇಳಕಲ್ ಸೀರೆಗಳೇ. ಮಗ್ಗದ ಮನೆಯಲ್ಲಿ ಇಷ್ಟು ಸಲೀಸಾಗಿ ಬೇರೆ ಬೇರೆ ಇರುವ ಎರಡು ಪದಗಳು ಅಂಗಡಿಯ ಗಾಜಿನ ಬಾಗಿಲು ದಾಟುವಷ್ಟರಲ್ಲಿ ಒಂದೇ ಸಿಲ್ಕ್ ಆಗಿಬಿಡುವುದು ತಿಳಿವಳಿಕೆಯ ಕೊರತೆಯಿಂದಲ್ಲ, ತಿಳಿದದ್ದನ್ನು ದಾರಿಯಲ್ಲಿ ಉದುರಿಸಿಕೊಂಡು ಬಂದದ್ದರಿಂದ.

ಇದಕ್ಕೆ ಓದಿದವರಿಂದ ಬರುವ ಒಂದು ಆಕ್ಷೇಪ ಇದೆ, ಅದು ಬಲವಾದದ್ದೇ. ಪದಗಳ ಅರ್ಥ ಕಾಲಕಾಲಕ್ಕೆ ಬದಲಾಗುತ್ತದೆ, ಅದನ್ನು ತಡೆಯುವವರು ಯಾರು ಎಂದು ಅವರು ಕೇಳುತ್ತಾರೆ. ಕ್ಯಾಲಿಕೋ ಎಂಬ ಬಟ್ಟೆಗೆ ಹೆಸರು ಬಂದದ್ದು ಕೇರಳದ ಕ್ಯಾಲಿಕಟ್‌ನಿಂದ, ಇವತ್ತು ಕ್ಯಾಲಿಕೋ ಕೊಳ್ಳುವ ಯಾರೂ ಅದು ಕೋಳಿಕ್ಕೋಡಿನದೇ ಆಗಿರಲೆಂದು ಬಯಸುವುದಿಲ್ಲ. ಡೆನಿಮ್‌ನಲ್ಲಿ ಫ್ರಾನ್ಸಿನ ನೀಮ್ ಪಟ್ಟಣದ ಹೆಸರು ಅಡಗಿದೆ ಎನ್ನುತ್ತಾರೆ, ಜೀನ್ಸ್ ಹಾಕುವವರಿಗೆ ಅದರ ಗೊಡವೆ ಇಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ 2008ರಲ್ಲಿ ಬ್ರಿಟನ್ನಿನ ಜಾಹೀರಾತು ಮಾನಕ ಸಂಸ್ಥೆಯ ಮುಂದೆ ‘ಬೀಸ್ಪೋಕ್’ ಎಂಬ ಪದದ ವಿವಾದ ಬಂತು. ಲಂಡನ್ನಿನ ಸ್ಯಾವಿಲ್ ರೋದ ದರ್ಜಿಗಳ ಪರಂಪರೆಯಲ್ಲಿ ಗಿರಾಕಿಯ ಮೈಗೆಂದೇ ಹೊಸದಾಗಿ ಮಾದರಿ ಕತ್ತರಿಸಿ ಬಹುಪಾಲು ಕೈಯಿಂದ ಹೊಲಿದದ್ದು ಮಾತ್ರ ಬೀಸ್ಪೋಕ್. ಅಳತೆಗೆ ತಕ್ಕಂತೆ ಯಂತ್ರದಲ್ಲಿ ಕತ್ತರಿಸಿ ಹೊಲಿದ ಸೂಟನ್ನೂ ಹಾಗೆ ಕರೆಯಬಹುದೆಂದು ಸಂಸ್ಥೆ ತೀರ್ಪು ಕೊಟ್ಟಿತು, ಸಾಮಾನ್ಯ ಜನ ಆ ಪದವನ್ನು ಈಗ ಅಷ್ಟು ಕಟ್ಟುನಿಟ್ಟಾಗಿ ತಿಳಿದುಕೊಳ್ಳುವುದಿಲ್ಲ ಎಂಬ ಕಾರಣದಿಂದ. ಸಿಲ್ಕ್ ಎಂದರೆ ಹೊಳೆಯುವ ಸೀರೆ ಎಂದು ಜನರೇ ಒಪ್ಪಿಕೊಂಡಿದ್ದರೆ ವ್ಯಾಪಾರಿಯ ತಪ್ಪೇನು ಎಂದು ಇದೇ ತರ್ಕವನ್ನು ಇಲ್ಲಿಗೂ ತರಬಹುದು.

ನನ್ನ ಉತ್ತರ ಬೆಲೆಯ ಕಡೆಯಿಂದ ಬರುತ್ತದೆ. ಕ್ಯಾಲಿಕೋ ಕೋಳಿಕ್ಕೋಡಿನಿಂದ ಬಂತೆಂದು ಭಾವಿಸಿ ಯಾರೂ ಇವತ್ತು ಹೆಚ್ಚು ಹಣ ಕೊಡುವುದಿಲ್ಲ. ಆ ಪದದ ಹಳೆಯ ಅರ್ಥ ಸತ್ತಿದೆ, ಹಾಗಾಗಿ ಹೊಸ ಅರ್ಥದಿಂದ ಯಾರಿಗೂ ಮೋಸವಿಲ್ಲ. ಸಿಲ್ಕ್‌ನ ಹಳೆಯ ಅರ್ಥ ಸತ್ತಿಲ್ಲ. ಮದುವೆಗೆ ಸಿಲ್ಕ್ ಸೀರೆ ತರಬೇಕು ಎಂದು ಮನೆಯವರು ಮಾತಾಡಿಕೊಳ್ಳುವಾಗ ಅವರ ಮನಸ್ಸಿನಲ್ಲಿರುವುದು ಹುಳುವಿನ ರೇಷ್ಮೆಯೇ. ಅದೇ ಅರ್ಥ ಜೀವಂತವಾಗಿರುವುದರಿಂದಲೇ ಪಾಲಿಯೆಸ್ಟರ್ ಸೀರೆಗೆ ಆ ಹೆಸರು ಬೇಕಾಗಿರುವುದು. ಹೊಸ ಅರ್ಥವೇ ಊರ್ಜಿತವಾಗಿದ್ದರೆ ‘ಲಿಚಿ ಪಾಲಿಯೆಸ್ಟರ್’ ಎಂದು ಮಾರಿದರೂ ಅಷ್ಟೇ ಬೆಲೆ ಬರಬೇಕಿತ್ತು. ಹಾಗೆ ಯಾರೂ ಮಾರುವುದಿಲ್ಲ. ಆಹಾರದ ವಿಷಯದಲ್ಲಿ ಈ ನ್ಯಾಯವನ್ನು ನಾವು ಆಗಲೇ ಒಪ್ಪಿಕೊಂಡಿದ್ದೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಒಂದು ಕಡೆಯಿರಲಿ, ಸೋಯಾ ಅಥವಾ ಬಾದಾಮಿಯಿಂದ ಮಾಡಿದ ಪಾನೀಯದ ಮೇಲೆ ಹಾಲು ಎಂದು ಬರೆಯುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಆ ಪಾನೀಯ ಕೆಟ್ಟದ್ದೆಂದು ಅದರ ಅರ್ಥವಲ್ಲ, ಅದು ಹಾಲಲ್ಲ ಎಂದಷ್ಟೇ. ಬಟ್ಟೆಗೂ ಇದಕ್ಕಿಂತ ಹೆಚ್ಚಿನದೇನನ್ನೂ ಕೇಳುತ್ತಿಲ್ಲ.

ಎಂಟುನೂರು ರೂಪಾಯಿಗೆ ರೇಷ್ಮೆ ಸಿಗುವುದಿಲ್ಲವೆಂದು ಕೊಳ್ಳುವವರಿಗೇ ಗೊತ್ತಿರುತ್ತದೆ, ಹಾಗಾಗಿ ಮೋಸದ ಮಾತೇ ಇಲ್ಲ ಎಂಬುದು ಇನ್ನೊಂದು ವಾದ. ಎಂಟುನೂರರ ಸೀರೆಯ ಮಟ್ಟಿಗೆ ಇದು ಸರಿಯೇ. ಆದರೆ ಗೊಂದಲ ಇರುವುದು ಆ ತುದಿಯಲ್ಲಲ್ಲ, ನಡುವಿನ ಬೆಲೆಗಳಲ್ಲಿ. ಮೂರು, ನಾಲ್ಕು, ಆರು ಸಾವಿರಕ್ಕೆ ಅಸಲಿ ರೇಷ್ಮೆಯ ಸರಳ ಸೀರೆಯೂ ಸಿಗುತ್ತದೆ, ಅದರ ಪಕ್ಕದಲ್ಲೇ ಜರಿಯಿಂದ ಝಗಮಗಿಸುವ ಕೃತಕ ನೂಲಿನ ಸೀರೆಯೂ ಇರುತ್ತದೆ, ಎರಡರ ಚೀಟಿಯಲ್ಲೂ ಸಿಲ್ಕ್ ಎಂದಿರುತ್ತದೆ. ಅಲ್ಲಿ ಬೆಲೆ ನೋಡಿ ಬಟ್ಟೆ ಗುರುತಿಸುವುದು ಆಗದ ಮಾತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತರುವ ಹುಡುಗನಿಗೆ, ಮುಟ್ಟಿ ನೋಡಲಾಗದೆ ಮೊಬೈಲಿನಲ್ಲಿ ಕೊಳ್ಳುವವರಿಗೆ, ಹೊರದೇಶದಲ್ಲಿದ್ದುಕೊಂಡು ಹಬ್ಬಕ್ಕೆಂದು ಇಲ್ಲಿಂದ ತರಿಸಿಕೊಳ್ಳುವ ಕನ್ನಡಿಗರಿಗೆ ಹೆಸರೊಂದೇ ಆಧಾರ. ಇನ್ನೂ ಒಂದು ಮಾತಿದೆ. ಗಿರಾಕಿಗೆ ಎಲ್ಲವೂ ಗೊತ್ತು ಎಂದೇ ಇಟ್ಟುಕೊಳ್ಳೋಣ, ಆಗಲೂ ನಷ್ಟಪಡುವವರು ಉಳಿಯುತ್ತಾರೆ. ಯಂತ್ರದ ಬಟ್ಟೆ ಕೈಮಗ್ಗದ ಹೆಸರಿನಲ್ಲಿ ಅರ್ಧ ಬೆಲೆಗೆ ಸಿಕ್ಕಾಗ, ನಿಜವಾದ ಕೈಮಗ್ಗದವರು ಹೇಳುವ ಬೆಲೆ ದುರಾಸೆಯಂತೆ ಕಾಣುತ್ತದೆ. 2009-10ರ ಗಣತಿಯಲ್ಲಿ ದೇಶದ ಕೈಮಗ್ಗದ ಕೆಲಸಗಾರರು 43 ಲಕ್ಷಕ್ಕೂ ಹೆಚ್ಚಿದ್ದರು, 2019-20ರಲ್ಲಿ ಆ ಸಂಖ್ಯೆ ಸುಮಾರು 35 ಲಕ್ಷಕ್ಕೆ ಇಳಿಯಿತು, ಅವರಲ್ಲಿ ಬಹುಪಾಲು ಹೆಂಗಸರು. ಈ ಇಳಿಕೆಗೆ ಕೂಲಿ, ಕಚ್ಚಾ ಮಾಲು, ಮಕ್ಕಳು ಬೇರೆ ಕೆಲಸ ಹಿಡಿಯುವುದು ಮುಂತಾಗಿ ಅನೇಕ ಕಾರಣಗಳಿವೆ, ಪದದ ಕಳವೊಂದೇ ಕಾರಣವೆಂದರೆ ಅದು ಉತ್ಪ್ರೇಕ್ಷೆ. ಆದರೆ ಒಬ್ಬ ನೇಕಾರ ತನ್ನ ಬಟ್ಟೆ ಯಂತ್ರದ್ದಕ್ಕಿಂತ ಬೇರೆ ಎಂದು ಹೇಳಿಕೊಳ್ಳಲು ಇರುವುದು ಕೈಮಗ್ಗ ಎಂಬ ಒಂದೇ ಪದ. ಅದೂ ಕೈಬಿಟ್ಟುಹೋದರೆ ಅವರ ಬಳಿ ಜಾಹೀರಾತಿಗೆ ದುಡ್ಡೂ ಇಲ್ಲ, ಹೇಳಿಕೊಳ್ಳಲು ಮಾತೂ ಇಲ್ಲ. ಸೀರೆ, ಪಂಚೆಯಂಥ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಸರಿಯಾಗಿ ಜಾರಿಯಾಗಲಿ ಎಂದು ಹೆಗ್ಗೋಡಿನ ಚರಕ ಸಂಸ್ಥೆಯ ಪ್ರಸನ್ನ ಸತ್ಯಾಗ್ರಹಕ್ಕೆ ಇಳಿದದ್ದರ ಹಿಂದೆ ಇದ್ದದ್ದು ಈ ಆತಂಕವೇ.

ಬಡವರು ಹೊಳೆಯುವ ಸೀರೆ ಉಡಬಾರದೇ ಎಂದು ಯಾರಾದರೂ ಕೇಳಿದರೆ, ಉಡಬೇಕು, ಸಂತೋಷದಿಂದ ಉಡಬೇಕು. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಇಸ್ತ್ರಿ ಬೇಡುವುದಿಲ್ಲ, ವರ್ಷಗಟ್ಟಲೆ ಬಣ್ಣ ಬಿಡುವುದಿಲ್ಲ. ದಿನವಿಡೀ ದುಡಿಯುವ ಹೆಂಗಸರಿಗೆ ಈ ಗುಣಗಳು ದೊಡ್ಡವು. ಈ ಗುಣಗಳನ್ನು ಹೇಳಿಯೇ ಅದನ್ನು ಮಾರಬಹುದು. ಇನ್ನೊಂದು ವಸ್ತುವಿನ ಹೆಸರು ಕೊಟ್ಟೊಡನೆ ಅದರ ಸ್ವಂತ ಗುಣಗಳೆಲ್ಲ ಮರೆಯಾಗಿ, ಅದು ಬರೀ ನಕಲಿ ಎನಿಸಿಕೊಳ್ಳುತ್ತದೆ. ಕೊಂಡವರಿಗೆ ತೊಂದರೆಯೂ ಇದೆ: ರೇಷ್ಮೆ ಎಂದು ನಂಬಿ ಒಲೆಯ ಮುಂದೆ ಪಾಲಿಯೆಸ್ಟರ್ ಉಟ್ಟು ನಿಂತರೆ, ಕಿಡಿ ತಗುಲಿದಾಗ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುವ ನೂಲು ಎಂಬುದು ಗೊತ್ತಿರಲೇಬೇಕಾದ ಸಂಗತಿ.

ಈಗ ಇದೇ ಕಥೆ ಹೊಸ ಪದಗಳೊಂದಿಗೆ ನಡೆಯುತ್ತಿದೆ. ‘ವೀಗನ್ ಲೆದರ್’ ಎಂದು ಮಾರುವ ಕೈಚೀಲ, ಜಾಕೆಟ್‌ಗಳಲ್ಲಿ ಬಹುಪಾಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್, ಮೊದಲು ಇದನ್ನೇ ರೆಕ್ಸಿನ್ ಜಾತಿಯ ಬಟ್ಟೆಯೊಂದಿಗೆ ಸೇರಿಸಿ ಅಗ್ಗದ್ದು ಎನ್ನುತ್ತಿದ್ದರು. ‘ಬಿದಿರಿನ ಬಟ್ಟೆ’ಯಂತೂ ಪರಿಸರದ ಕಾಳಜಿ ಇರುವವರ ಮನಸ್ಸಿಗೆ ನೇರ ನಾಟುವ ಹೆಸರು. ಆ ಬಟ್ಟೆಯಲ್ಲಿ ಹೆಚ್ಚಿನದು ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಹಾಯಿಸಿ ಮಾಡಿದ ವಿಸ್ಕೋಸ್. ಅಂದರೆ ಶಾರ್ಡೊನೆಯ ಕಾಲದ ಕೃತಕ ರೇಷ್ಮೆಯ ವಂಶದ್ದೇ ಅದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಿಂದಲೂ ಈ ಬಗ್ಗೆ ಕಂಪನಿಗಳನ್ನು ಎಚ್ಚರಿಸುತ್ತ ಬಂದು, 2022ರಲ್ಲಿ ರೇಯಾನನ್ನು ಬಿದಿರು ಎಂದು ಮಾರಿದ ಆರೋಪದ ಮೇಲೆ ವಾಲ್‌ಮಾರ್ಟ್ ಮತ್ತು ಕೋಲ್ಸ್ ಕಂಪನಿಗಳಿಂದ ಒಟ್ಟು 55 ಲಕ್ಷ ಡಾಲರ್ ದಂಡ ವಸೂಲಿಗೆ ಕ್ರಮ ತೆಗೆದುಕೊಂಡಿತು. ನಮ್ಮ ದೇಶದಲ್ಲೂ ದಾರಿ ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪರಿಸರಸ್ನೇಹಿ ಎಂಬಂಥ ಮಾತುಗಳಿಗೆ ಆಧಾರ ತೋರಿಸಬೇಕೆಂದು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿಯೂ ಬಂದಿದೆ. ಭೌಗೋಳಿಕ ಸೂಚಿಯ ಹೆಸರನ್ನು ಸುಳ್ಳಾಗಿ ಬಳಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆ ಇದೆ. ಕಾನೂನಿನ ಕೊರತೆಯೆಂದು ಹೇಳುವಂತಿಲ್ಲ. ಕೊರತೆ ಇರುವುದು ಕೇಳುವವರದು, ಏಕೆಂದರೆ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಅಂಗಡಿಯ ಹುಡುಗ ಹುಡುಗಿಯರಿಗೇ ನಿಜ ಗೊತ್ತಿರುವುದಿಲ್ಲ, ಸಗಟು ವ್ಯಾಪಾರಿ ಕಳಿಸಿದ ಚೀಟಿಯಲ್ಲಿದ್ದದ್ದನ್ನೇ ಅವರು ಹೇಳುತ್ತಾರೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೆಳಗಿನಿಂದ ರಾತ್ರಿಯವರೆಗೆ ನಿಂತು ಸೀರೆ ಬಿಚ್ಚಿ ತೋರಿಸುವವರ ಮೇಲೆ ಹರಿಹಾಯುವುದು ನ್ಯಾಯವಲ್ಲ, ಅದರಿಂದ ಪ್ರಯೋಜನವೂ ಇಲ್ಲ. ಪ್ರಶ್ನೆ ಹೋಗಬೇಕಾದದ್ದು ಗಲ್ಲಾಪೆಟ್ಟಿಗೆಯ ಕಡೆಗೆ. ರೇಷ್ಮೆ ಎಂದು ಹೇಳಿದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರೀಯ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಶುರುವಾದ ಈ ಗುರುತು ಶುದ್ಧ ರೇಷ್ಮೆಗೆ ಮಾತ್ರ ಸಿಗುತ್ತದೆ. ಕೈಮಗ್ಗ ಎಂದರೆ ಹ್ಯಾಂಡ್‌ಲೂಮ್ ಮಾರ್ಕ್, ಖಾದಿ ಎಂದರೆ ಖಾದಿ ಮಾರ್ಕ್ ಕೇಳಿ. ಮನೆಗೆ ತಂದ ಮೇಲೂ ಅನುಮಾನವಿದ್ದರೆ ಸೀರೆಯ ತುದಿಯಿಂದ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ವಿಸ್ಕೋಸ್ ಕಾಗದದಂತೆ ಉರಿದುಹೋಗುತ್ತದೆ. ಹಾಸು ಹೊಕ್ಕು ಎರಡರಿಂದಲೂ ಎಳೆ ತೆಗೆಯಬೇಕು, ಒಂದು ರೇಷ್ಮೆಯದಾಗಿದ್ದು ಇನ್ನೊಂದು ಬೇರೆಯದಾಗಿರುವ ಬಟ್ಟೆಗಳು ಬಹಳ ಇವೆ.

ಇದೆಲ್ಲಕ್ಕಿಂತ ಸುಲಭವಾದ ಒಂದು ದಾರಿ ಬಿಲ್ಲಿನಲ್ಲೇ ಇದೆ. ದೊಡ್ಡ ಅಂಗಡಿಗಳ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಎದುರು ಎಚ್‌ಎಸ್‌ಎನ್ ಎಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆ 5007 ಎಂದು ಶುರುವಾದರೆ ಅದು ರೇಷ್ಮೆಯ ನೇಯ್ಗೆ, 5208 ಎಂದಾದರೆ ಹತ್ತಿಯದು, 5407 ಎಂದಾದರೆ ಪಾಲಿಯೆಸ್ಟರ್‌ನಂಥ ಸಂಶ್ಲೇಷಿತ ನೂಲಿನದು, 5408 ಎಂದಾದರೆ ವಿಸ್ಕೋಸ್‌ನಂಥದು. ಗಿರಾಕಿಗೆ ಸಿಲ್ಕ್ ಎಂದು ಹೇಳಿದ ಸೀರೆ ತೆರಿಗೆಯವರ ಮುಂದೆ 5407 ಆಗಿದ್ದರೆ ನಿಜ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಅಂಗಡಿಯಾದರೆ ಸಂಖ್ಯೆ ಇರದಿರಬಹುದು, ಅಲ್ಲಿ ಬಾಯಲ್ಲಿ ಹೇಳಿದ ಮಾತನ್ನೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ: ‘ಶುದ್ಧ ರೇಷ್ಮೆ’, ‘ಕೈಮಗ್ಗ’, ‘ಇಳಕಲ್’, ಯಾವ ಮಾತು ಕೇಳಿ ನೀವು ಒಪ್ಪಿದಿರೋ ಅದೇ ಮಾತು. ಬರೆದುಕೊಡಲು ಒಪ್ಪುವ ಅಂಗಡಿಯಲ್ಲಿ ಕೊಳ್ಳಿ, ಒಪ್ಪದ ಕಡೆ ಸೀರೆ ಇಷ್ಟವಾದರೆ ಪಾಲಿಯೆಸ್ಟರ್‌ಗೆ ಸಲ್ಲುವ ಬೆಲೆಯನ್ನಷ್ಟೇ ಕೊಡಿ. ಬರೆದುಕೊಟ್ಟೂ ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.